ಟಿ.ಟಿ. ಗಾಡಿಗೆ ಸೋಲಾರ್: ಮೊದಲು ಫ್ರಿಡ್ಜ್ ಲೆಕ್ಕ, ಆಮೇಲೆ ಪ್ಯಾನೆಲ್

ಅಪ್ಪನಿಗೆ ಇನ್ಸುಲಿನ್ ಶುರುವಾದ ವರ್ಷ ನಮ್ಮ ತಿರುಗಾಟ ನಿಂತೇ ಹೋಗಿತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ಮಧುಗಿರಿ, ಪಾವಗಡದ ಕಡೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಸೀಟು ಮುಟ್ಟಿದರೆ ಕೈ ಸುಡುತ್ತದೆ. ಐಸ್ ಡಬ್ಬ ಒಂದು ದಿನಕ್ಕೆ ಸರಿ. ಹತ್ತು ದಿನದ ಪ್ರಯಾಣಕ್ಕೆ ಆಗುವುದಿಲ್ಲ.

ಆಮೇಲೆ ಒಂದು ಹಳೇ ಟೆಂಪೋ ಟ್ರಾವೆಲರ್ (ಟಿ.ಟಿ.) ತಗೊಂಡು, ಒಳಗೆ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ಒಂದು 40 ಲೀಟರ್ ಫ್ರಿಡ್ಜ್ ಹಾಕಿಸಿ, ಮೇಲೆ ಸೋಲಾರ್ ಕೂರಿಸಿದೆವು. ತುಮಕೂರಿನಲ್ಲಿ ಈಗ ಇಂಥ ಗಾಡಿ ಮಾಡಿಕೊಳ್ಳಬೇಕು ಅನ್ನುವವರು ಜಾಸ್ತಿ ಆಗಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ವ್ಯಾಟ್ ಪ್ಯಾನೆಲ್ ಹಾಕಲಿ?" ಆ ಪ್ರಶ್ನೆ ಮೂರನೆಯದು. ಮೊದಲನೆಯ ಪ್ರಶ್ನೆ, ನಿಮ್ಮ ಗಾಡಿಯಲ್ಲಿ ರಾತ್ರಿ ಯಾವುದು ನಿಲ್ಲಬಾರದು ಅನ್ನುವುದು. ನಮಗೆ ಅದು ಫ್ರಿಡ್ಜ್. ನಿಮಗೆ ಮಗುವಿನ ತಲೆಯ ಮೇಲಿನ ಫ್ಯಾನ್ ಇರಬಹುದು, ಕೆಲಸದ ಲ್ಯಾಪ್‌ಟಾಪ್ ಇರಬಹುದು. ಅದನ್ನು ಹಿಡಿದುಕೊಂಡರೆ ಉಳಿದ ಲೆಕ್ಕ ತಾನಾಗಿಯೇ ಬರುತ್ತದೆ.

ಒಂದು ದಿನಕ್ಕೆ ಎಷ್ಟು ಕರೆಂಟ್ ಬೇಕು

ಒಂದು ಹಾಳೆ ತಗೊಂಡು ಗಾಡಿಯಲ್ಲಿ ಓಡುವ ಪ್ರತಿಯೊಂದನ್ನೂ ಬರೆಯಿರಿ. ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ. ಎರಡನ್ನೂ ಗುಣಿಸಿದರೆ ವ್ಯಾಟ್ ಅವರ್. ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅಂದಾಜು ಸುಲಭ.

ನಮ್ಮ ಹಾಳೆ ಹೀಗಿತ್ತು. 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಓಡುವಾಗ ಸುಮಾರು 50 ವ್ಯಾಟ್ ತಗೊಳ್ಳುತ್ತದೆ. ಅದು ಸದಾ ಓಡುವುದಿಲ್ಲ, ತಂಪಾದ ಮೇಲೆ ನಿಂತು ಮತ್ತೆ ಶುರುವಾಗುತ್ತದೆ. ಬೇಸಿಗೆಯಲ್ಲಿ ದಿನದ ಅರ್ಧ ಭಾಗ ಓಡುತ್ತದೆ ಎಂದು ಹಿಡಿದೆ, 600 ಆಯಿತು. ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಎರಡು, ತಲಾ 20 ವ್ಯಾಟ್, ರಾತ್ರಿ 9 ಗಂಟೆ, ಅದು 360. ಮೂರು ಎಲ್‌ಇಡಿ ದೀಪಕ್ಕೆ 75. ಮೂರು ಫೋನ್‌ಗೆ 45. ಲ್ಯಾಪ್‌ಟಾಪ್ ಎರಡು ಗಂಟೆಗೆ 120. ನೀರಿನ ಸಣ್ಣ ಪಂಪ್‌ಗೆ 20ರ ಒಳಗೆ. ಒಟ್ಟು ಸುಮಾರು 1200 ವ್ಯಾಟ್ ಅವರ್. ಅಂದರೆ ಒಂದೂ ಕಾಲು ಯೂನಿಟ್‌ಗೂ ಒಂದು ಚೂರು ಕಡಿಮೆ.

ನೋಡಿ, ಅರ್ಧ ಲೆಕ್ಕ ಫ್ರಿಡ್ಜ್ ಒಂದೇ ತಿಂದಿತು. ಅದಕ್ಕೇ ಮನೆಯ 230 ವೋಲ್ಟ್ ಮಿನಿ ಫ್ರಿಡ್ಜ್ ತಂದು ಇನ್ವರ್ಟರ್‌ನಲ್ಲಿ ಓಡಿಸಬೇಡಿ. ಹಾಗೆ ಮಾಡಿದರೆ ಇನ್ವರ್ಟರ್ ಹಗಲು ರಾತ್ರಿ ಆನ್ ಇರಬೇಕಾಗುತ್ತದೆ. ಸುಮ್ನೆ ಆನ್ ಇದ್ದರೂ ಎಷ್ಟೋ ಇನ್ವರ್ಟರ್‌ಗಳು 10ರಿಂದ 20 ವ್ಯಾಟ್ ತಿನ್ನುತ್ತವೆ. ಒಂದು ದಿನಕ್ಕೆ ಅದೇ 240ರಿಂದ 480 ವ್ಯಾಟ್ ಅವರ್ ಆಯಿತು. ಎರಡು ಫ್ಯಾನಿನ ಕರೆಂಟು ಯಾರಿಗೂ ಕೆಲಸಕ್ಕೆ ಬಾರದೆ ಹೋದ ಹಾಗೆ. ಬ್ಯಾಟರಿಯಿಂದ ನೇರ ಓಡುವ 12 ವೋಲ್ಟಿನ ಡಿಸಿ ಫ್ರಿಡ್ಜ್ ದುಬಾರಿ ಅನಿಸುತ್ತದೆ, ನಿಜ. ಆದರೆ ಅಲ್ಲಿ ಕೊಟ್ಟ ದುಡ್ಡು ಪ್ಯಾನೆಲ್‌ನಲ್ಲಿ, ಬ್ಯಾಟರಿಯಲ್ಲಿ ಉಳಿಯುತ್ತದೆ.

ಇಂಡಕ್ಷನ್ ಒಲೆ, ಏಸಿ, ಗೀಸರ್ ಈ ಹಾಳೆಗೆ ಬರಲೇಬಾರದು. ಅಡುಗೆಗೆ ಸಣ್ಣ ಗ್ಯಾಸ್ ಸಾಕು.

ಬಿಸಿಲು ಎಷ್ಟು ಸಿಗುತ್ತದೆ

ನಮ್ಮ ಜಿಲ್ಲೆಯ ಬಿಸಿಲಿಗೆ ಬೇರೆ ಸಾಕ್ಷಿ ಬೇಡ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿದೆ. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟು ಆದ ಪಾರ್ಕ್ ಅದು. ಮಳೆ ಕೈಕೊಟ್ಟ ನೆಲಕ್ಕೆ ಬಿಸಿಲೇ ಬೆಳೆಯಾಯಿತು. ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ, ಪ್ಯಾನೆಲ್ ಬಗ್ಗೆ ಇರುವ ಅನುಮಾನ ಅಲ್ಲೇ ಕರಗುತ್ತದೆ.

ಆದರೆ 400 ವ್ಯಾಟ್ ಪ್ಯಾನೆಲ್ ಅಂದರೆ ಬೆಳಗಿನಿಂದ ಸಂಜೆವರೆಗೆ 400 ವ್ಯಾಟ್ ಕೊಡುತ್ತದೆ ಅಂತಲ್ಲ. ಇಡೀ ದಿನದ ಬಿಸಿಲನ್ನು ಕೂಡಿಸಿ, ನಡು ಮಧ್ಯಾಹ್ನದ ಪೂರ್ತಿ ಬಿಸಿಲಿನ ಗಂಟೆಗಳಾಗಿ ಮಾಡಿದರೆ, ನಮ್ಮ ಕಡೆ ಒಳ್ಳೆಯ ದಿನ 5 ಗಂಟೆ, ಅದಕ್ಕೂ ಸ್ವಲ್ಪ ಮೇಲೆ ಸಿಗುತ್ತದೆ. ಆಷಾಢದ ಮೋಡದಲ್ಲಿ ಇದು 4ಕ್ಕೆ, ಕೆಲವು ದಿನ ಇನ್ನೂ ಕೆಳಕ್ಕೆ ಇಳಿಯುತ್ತದೆ. ಅದರ ಮೇಲೆ ಧೂಳು, ಶಾಖ, ವೈರು, ಚಪ್ಪಟೆಯಾಗಿ ಮಲಗಿಸಿದ ಪ್ಯಾನೆಲ್ ಇವೆಲ್ಲಾ ಸೇರಿ ಕಾಲು ಭಾಗ ಹೋಗುತ್ತದೆ ಎಂದು ಹಿಡಿಯಿರಿ.

ನಾನು 4 ಗಂಟೆಯನ್ನೇ ಹಿಡಿದೆ. ಅದರಲ್ಲಿ ಕಾಲು ಭಾಗ ಕಳೆದರೆ 3. ಬೇಕಾದ 1200ನ್ನು 3ರಿಂದ ಭಾಗಿಸಿದರೆ 400 ವ್ಯಾಟ್. ಹಾಗೆ 200 ವ್ಯಾಟಿನ ಎರಡು ಪ್ಯಾನೆಲ್ ಬಂದವು. ಮೋಡದ ದಿನಗಳಿಗೆ ಲೆಕ್ಕ ಹಾಕಿ. ಬಿಸಿಲಿನ ದಿನ ಮಿಕ್ಕಿದ್ದು ಯಾರಿಗೂ ಭಾರವಲ್ಲ.

ಬ್ಯಾಟರಿ

ಮನೆಯ ಯುಪಿಎಸ್‌ಗೆ ಇರುವ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಗಾಡಿಗೆ ಇಡೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ದಯವಿಟ್ಟು ಬೇಡ. ಒಂದು 150 ಆಂಪಿಯರ್ ಅವರ್ ಬ್ಯಾಟರಿ ಆಸಿಡ್ ಸೇರಿ 50 ಕಿಲೋ ದಾಟುತ್ತದೆ. ಹಳ್ಳದಲ್ಲಿ ಗಾಡಿ ಎತ್ತಿಹಾಕಿದಾಗ ಆಸಿಡ್ ಚೆಲ್ಲಬಹುದು. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ನೀವು ಬಾಗಿಲು ಹಾಕಿ ಅದೇ ಗೂಡಿನಲ್ಲಿ ಮಲಗಿರುತ್ತೀರಿ. ಅದೂ ಅಲ್ಲದೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಳ್ಳಿ. ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8 ವೋಲ್ಟ್. 200 ಆಂಪಿಯರ್ ಅವರ್ ಆದರೆ, 12.8ರಿಂದ ಗುಣಿಸಿ, 2560 ವ್ಯಾಟ್ ಅವರ್, ಅದರಲ್ಲಿ ನೂರಕ್ಕೆ 80 ಭಾಗ ಬಳಸಿದರೂ 2000 ಸಿಗುತ್ತದೆ. ನಮ್ಮ 1200ರ ಒಂದು ದಿನ, ಮೋಡ ಕವಿದ ಇನ್ನೊಂದು ಅರ್ಧ ದಿನ, ಎರಡಕ್ಕೂ ಆಯಿತು. ಒಳಗೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಇದೆಯಾ, ಅದು ಎಷ್ಟು ಆಂಪಿಯರ್‌ನದು ಎಂದು ಕೇಳಿ ಬರೆಸಿಕೊಳ್ಳಿ. ಹಳೇ ಆಟೋದಿಂದ ಬಿಚ್ಚಿದ ಸೆಲ್‌ಗಳನ್ನು ಅಗ್ಗಕ್ಕೆ ಕೊಡುವವರು ಸಿಗುತ್ತಾರೆ. ಮಲಗುವ ಗಾಡಿಗೆ ಅವು ಬೇಡ.

ಬ್ಯಾಟರಿಯನ್ನು ಮಂಚದ ಕೆಳಗೆ, ಆದಷ್ಟು ತಗ್ಗಿನಲ್ಲಿ, ಬೆಲ್ಟು ಮತ್ತು ಕ್ಲಾಂಪ್ ಹಾಕಿ ಬಿಗಿಯಿರಿ. ಬ್ರೇಕ್ ಹಾಕಿದಾಗ ಅದು ಒಂದು ಇಂಚೂ ಅಲುಗಬಾರದು. ಎಂಜಿನ್ ಪಕ್ಕ ಇಡಬೇಡಿ, ಶಾಖ ಅದರ ಶತ್ರು. ಸುತ್ತ ಗಾಳಿ ಆಡಲಿ.

ಕೊರೆಯುವ ಮೊದಲು

ಡ್ರಿಲ್ ಹಿಡಿಯುವ ಮುಂಚೆ ಆರ್‌ಟಿಓ ಕಚೇರಿಗೆ ಒಮ್ಮೆ ಹೋಗಿ ಬನ್ನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆ ಆಗಬೇಕು. ಸೀಟು ತೆಗೆದು ಮಂಚ ಹಾಕಿಸುವುದಾದರೆ ಇದು ಇನ್ನೂ ಮುಖ್ಯ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ, ಅಪಘಾತ ಆದಾಗ ಮಾತು ಬರಬಾರದು. ಪಿಎಂ ಸೂರ್ಯಘರ್ ಸಬ್ಸಿಡಿ ಸಿಗುತ್ತದಾ ಎಂದು ಕೇಳುವವರಿದ್ದಾರೆ. ಅದು ಗ್ರಿಡ್‌ಗೆ ಜೋಡಿಸುವ ಮನೆಯ ಚಾವಣಿಗೆ, ಗಾಡಿಗೆ ಅಲ್ಲ.

ಚಾವಣಿಯ ಮೇಲೆ

200 ವ್ಯಾಟಿನ ಪ್ಯಾನೆಲ್ ಸುಮಾರು ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರಿಗೆ ಚೂರು ಕಡಿಮೆ ಅಗಲ, ತೂಕ 10ರಿಂದ 12 ಕಿಲೋ. ಮನೆ ಮೇಲೆ ಹಾಕುವ 540 ವ್ಯಾಟಿನ ದೊಡ್ಡ ಪ್ಯಾನೆಲ್ ವ್ಯಾಟಿಗೆ ಅಗ್ಗ ಬೀಳುತ್ತದೆ, ಆದರೆ ಅದು ಎರಡೂ ಕಾಲು ಮೀಟರ್ ಉದ್ದ. ಒಂದು ಏಟು ಬಿದ್ದರೆ ಎಲ್ಲಾ ಹೋಯಿತು. ಎರಡು ಸಣ್ಣದೇ ವಾಸಿ.

ಗಾಡಿಯ ತಗಡಿನ ಮೇಲೆ ನೇರ ಅಂಟಿಸಬೇಡಿ. ತಗಡಿನ ಕೆಳಗೆ ಅಡ್ಡ ಪಟ್ಟಿಗಳು ಇರುತ್ತವೆ, ಫ್ರೇಮಿನ ಕಾಲು ಅವುಗಳ ಮೇಲೆಯೇ ಬರಬೇಕು. ಅಲ್ಯೂಮಿನಿಯಂ ಆಂಗಲ್, ಸ್ಟೇನ್‌ಲೆಸ್ ಬೋಲ್ಟ್, ನೈಲಾಕ್ ನಟ್ ಬಳಸಿ. ಮಾಮೂಲಿ ನಟ್ ಹೈವೇಯ ಅದುರಿಗೆ ಸಡಿಲ ಆಗುತ್ತದೆ. ಪ್ರತಿ ತೂತಿಗೆ ರಬ್ಬರ್ ವಾಷರ್, ಪಾಲಿಯುರೇಥೇನ್ ಸೀಲೆಂಟ್. ಪ್ಯಾನೆಲ್ ಮತ್ತು ತಗಡಿನ ನಡುವೆ ಎರಡು ಇಂಚು ಜಾಗ ಬಿಡಿ. ಬಿಸಿಯಾದಷ್ಟೂ ಪ್ಯಾನೆಲ್ ಕೊಡುವುದು ಕಡಿಮೆ: 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ 0.35ರಿಂದ 0.4ರಷ್ಟು ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ನೂರಕ್ಕೆ 15 ಭಾಗ ಹೋಯಿತು. ಕೆಳಗೆ ಗಾಳಿ ಆಡಿದರೆ ಅಷ್ಟು ನಷ್ಟ ಆಗುವುದಿಲ್ಲ. ಗಾಡಿಯ ಒಳಗೂ ತಂಪು, ಪ್ಯಾನೆಲ್ಲೇ ನೆರಳಾಗುತ್ತದೆ.

ವಾಲಿಸುವ ಸ್ಟ್ಯಾಂಡ್ ಬೇಕಾ? ನಮ್ಮ ಊರು 13 ಡಿಗ್ರಿ ಅಕ್ಷಾಂಶದ ಆಸುಪಾಸು. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿಯುತ್ತಾನೆ, ಆಗ ಚಪ್ಪಟೆ ಪ್ಯಾನೆಲ್‌ಗೆ ಸ್ವಲ್ಪ ಕಡಿಮೆ. ಆದರೆ ಆಗ ಫ್ಯಾನೂ ಬೇಡ, ಫ್ರಿಡ್ಜ್ ಕೂಡ ಕಡಿಮೆ ಓಡುತ್ತದೆ. ಸ್ಟ್ಯಾಂಡ್ ಬೇಡ.

ಎಲ್ಲಾ ಬಿಗಿದ ಮೇಲೆ ನೆಲದಿಂದ ಪ್ಯಾನೆಲ್‌ವರೆಗಿನ ಎತ್ತರ ಅಳೆದು ಸ್ಟಿಯರಿಂಗ್ ಮುಂದೆ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸು, ಜಾತ್ರೆಯ ಚಪ್ಪರ, ಹಳ್ಳಿಯ ಜೋತುಬಿದ್ದ ವೈರು, ಹುಣಸೆ ಕೊಂಬೆ, ಎಲ್ಲದರ ಮುಂದೆಯೂ ಆ ಅಂಕಿ ಬೇಕಾಗುತ್ತದೆ.

ಚಾರ್ಜ್ ಕಂಟ್ರೋಲರ್, ಮತ್ತು ಸೀರೀಸ್ ಯಾಕೆ

ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡಿ ಕೊಡುವ ಪೆಟ್ಟಿಗೆಯೇ ಚಾರ್ಜ್ ಕಂಟ್ರೋಲರ್. ಅದರಲ್ಲಿ ಎಂಪಿಪಿಟಿ, ಪಿಡಬ್ಲ್ಯೂಎಂ ಅಂತ ಎರಡು ಬಗೆ. ಎಂಪಿಪಿಟಿ ತಗೊಳ್ಳಿ. ಪಿಡಬ್ಲ್ಯೂಎಂ ಅಗ್ಗ, ಆದರೆ ಅದು ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ, ಮಿಕ್ಕಿದ್ದು ಹೋಗುತ್ತದೆ. 400 ವ್ಯಾಟನ್ನು 13 ವೋಲ್ಟಿನಿಂದ ಭಾಗಿಸಿದರೆ 31 ಆಂಪಿಯರ್. 30ರದ್ದು ಅಂಚಿನಲ್ಲಿ ಬರುತ್ತದೆ, 40 ಆಂಪಿಯರ್‌ನದು ಇರಲಿ.

ಎರಡು ಪ್ಯಾನೆಲ್ಲನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಡಬೇಕಾ, ಸೀರೀಸ್ (ಒಂದರ ಹಿಂದೆ ಒಂದು, ವೋಲ್ಟೇಜ್ ಕೂಡುವ ಹಾಗೆ) ಕೊಡಬೇಕಾ ಅನ್ನುವುದಕ್ಕೆ ನಾನು ಮೊದಲು ಪ್ಯಾರಲಲ್ ಆರಿಸಿದ್ದೆ. ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ಕೊಡುತ್ತದಲ್ಲ ಅಂತ. ಬೇಸಿಗೆ ಬಂದಾಗ ಮಧ್ಯಾಹ್ನದ ಚಾರ್ಜಿಂಗ್ ಕುಂಟತೊಡಗಿತು. ಕಾರಣ ಶಾಖ. ಇಂಥ ಪ್ಯಾನೆಲ್ ಕೆಲಸ ಮಾಡುವ ವೋಲ್ಟೇಜ್ 18ರ ಸುತ್ತ. 65 ಡಿಗ್ರಿಯಲ್ಲಿ ಅದು 15ಕ್ಕೆ ಇಳಿಯುತ್ತದೆ. ಬ್ಯಾಟರಿಗೆ 14 ಬೇಕು, ನಡುವೆ ವೈರಿನಲ್ಲಿ ಅರ್ಧ ವೋಲ್ಟ್ ಹೋಗುತ್ತದೆ. ಕಂಟ್ರೋಲರ್‌ಗೆ ಆಡಲು ಜಾಗವೇ ಉಳಿಯಲಿಲ್ಲ. ಕೆಲವು ಕಂಟ್ರೋಲರ್‌ಗಳಿಗಂತೂ ಶುರುವಾಗಲು ಬ್ಯಾಟರಿಗಿಂತ 5 ವೋಲ್ಟ್ ಮೇಲೆ ಬೇಕು.

ಸೀರೀಸ್ ಮಾಡಿದ ದಿನವೇ ವ್ಯತ್ಯಾಸ ಕಂಡಿತು. ಈಗ ಸುಡುವ ಬಿಸಿಲಲ್ಲೂ 30 ವೋಲ್ಟ್ ಇರುತ್ತದೆ. ಕರೆಂಟ್ ಅರ್ಧ ಆದ್ದರಿಂದ ವೈರಿನ ನಷ್ಟವೂ ಇಳಿಯಿತು. ಬರೀ ತಂಪಿನ ಬೆಳಗ್ಗೆ, ಲೋಡ್ ಇಲ್ಲದಾಗ ಎರಡೂ ಸೇರಿ 45ರಿಂದ 50 ವೋಲ್ಟ್ ತಲುಪಬಹುದು. ಹಾಗಾಗಿ ಕಂಟ್ರೋಲರ್ 100 ವೋಲ್ಟ್ ತಡೆಯುವಂಥದ್ದು ಇರಬೇಕು. ಬಯಲುಸೀಮೆಯ ಗಾಡಿಗೆ ನನ್ನ ಸಲಹೆ ಸೀರೀಸೇ. ನೆರಳನ್ನು ಗಾಡಿ ನಿಲ್ಲಿಸುವಾಗ ನೋಡಿಕೊಳ್ಳಬಹುದು, ಶಾಖವನ್ನು ನೋಡಿಕೊಳ್ಳಲಾಗದು.

ವೈರು: ಇಲ್ಲಿ ಉಳಿಸಬೇಡಿ

ಈ ಭಾಗವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಎರಡನೇ ಪ್ರವಾಸ ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಜಲಾಶಯದ ಹತ್ತಿರ. ಬೆಳಗಿನ ಜಾವ ಎದ್ದು ಫ್ರಿಡ್ಜ್ ತೆಗೆದರೆ ಒಳಗೆ 17 ಡಿಗ್ರಿ. ಫ್ರಿಡ್ಜ್ ಆಫ್ ಆಗಿತ್ತು. ಬ್ಯಾಟರಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಇದೆ. ಅಪ್ಪ ಏನೂ ಮಾತಾಡದೆ ಔಷಧಿ ಡಬ್ಬವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ಔಷಧಿ ಕೆಟ್ಟಿಲ್ಲ ಎಂದು ಡಾಕ್ಟರ್ ಫೋನಿನಲ್ಲಿ ಹೇಳುವವರೆಗೂ ನನಗೆ ಕಾಫಿ ಇಳಿಯಲಿಲ್ಲ.

ತಪ್ಪು ವೈರಿನದು. ವೈರಿಂಗ್ ಮಾಡಿದವರು ಮನೆಯ ದೀಪಕ್ಕೆ ಹಾಕುವ ಒಂದೂವರೆ ಸ್ಕ್ವೇರ್ ಎಂಎಂ ವೈರನ್ನು ಫ್ರಿಡ್ಜ್‌ಗೆ ಎಳೆದಿದ್ದರು. ಹೋಗಲು 6 ಮೀಟರ್, ಬರಲು 6 ಮೀಟರ್, ಒಟ್ಟು 12. ಆ ವೈರಿಗೆ ಮೀಟರಿಗೆ ಸುಮಾರು 12 ಮಿಲಿ ಓಮ್ ತಡೆ. ಕಂಪ್ರೆಸರ್ ಶುರುವಾಗುವಾಗ 10 ಆಂಪಿಯರ್ ಎಳೆದರೆ ಹತ್ತಿರ ಹತ್ತಿರ ಒಂದೂವರೆ ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಬ್ಯಾಟರಿಯಲ್ಲಿ 13 ಇದ್ದರೂ ಫ್ರಿಡ್ಜ್‌ಗೆ ಕಂಡಿದ್ದು 11.5. ಅದರ ಬ್ಯಾಟರಿ ರಕ್ಷಣೆಯನ್ನು 'ಹೈ'ನಲ್ಲಿ ಇಟ್ಟಿದ್ದೆವು. ಬ್ಯಾಟರಿ ಖಾಲಿ ಎಂದು ತಿಳಿದು ಅದು ನಿಂತಿತು. ಮನೆಯಲ್ಲಿ 230 ವೋಲ್ಟಿಗೆ ಒಂದೂವರೆ ವೋಲ್ಟ್ ಲೆಕ್ಕಕ್ಕೇ ಇಲ್ಲ. 12 ವೋಲ್ಟಿನಲ್ಲಿ ಅದೇ ದೊಡ್ಡ ಪಾಲು.

ಈಗ ಅಲ್ಲಿ 6 ಸ್ಕ್ವೇರ್ ಎಂಎಂ ಇದೆ. ಅದೇ 10 ಆಂಪಿಯರ್‌ಗೆ ಬೀಳುವುದು 0.4 ವೋಲ್ಟಿಗಿಂತ ಕಡಿಮೆ. ಆ ರಾತ್ರಿಯ ನಂತರ ಫ್ರಿಡ್ಜ್ ಒಂದು ಸಲವೂ ನಿಂತಿಲ್ಲ.

ಉಳಿದ ಅಳತೆ ಹೇಳಿಬಿಡುತ್ತೇನೆ. ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ ಸೀರೀಸ್ ಆದರೆ ಬಿಸಿಲು ತಡೆಯುವ 4 ಸ್ಕ್ವೇರ್ ಎಂಎಂ ಸೋಲಾರ್ ಡಿಸಿ ಕೇಬಲ್, ಎಂಸಿ4 ಕನೆಕ್ಟರ್. ಕಂಟ್ರೋಲರ್‌ನಿಂದ ಬ್ಯಾಟರಿಗೆ 10, ದೂರ ಒಂದೂವರೆ ಮೀಟರ್ ಒಳಗೆ. 600 ವ್ಯಾಟ್ ಇನ್ವರ್ಟರ್‌ಗೆ 25. ಎಲ್ಲವೂ ಎಳೆ ಎಳೆಯ ತಾಮ್ರ, ಐಎಸ್‌ಐ ಗುರುತಿನದು. ದಪ್ಪ ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ತುದಿ) ಹಾಕಿ ಒತ್ತಿ ಕ್ರಿಂಪ್ ಮಾಡಿಸಿ. ಸುತ್ತಿ ಟೇಪ್ ಹಾಕಿದ ಜೋಡಣೆ ಮೊದಲು ಬಿಸಿಯಾಗುತ್ತದೆ, ಆಮೇಲೆ ಕರಗುತ್ತದೆ. ತುಮಕೂರಿನಲ್ಲಿ ಸರಿಯಾದ ಲಗ್ಗು, ಡಿಸಿ ಫ್ಯೂಸು ಸಿಗದಿದ್ದರೆ ಒಂದು ದಿನ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎಲ್ಲಾ ಒಟ್ಟಿಗೆ ತನ್ನಿ.

ಫ್ಯೂಸು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಕಂಟ್ರೋಲರ್ ದಾರಿಗೆ 50 ಆಂಪಿಯರ್, ಇನ್ವರ್ಟರ್‌ಗೆ 80, ಫ್ರಿಡ್ಜ್‌ಗೆ 15. ಫ್ಯೂಸು ಕಾಯುವುದು ವೈರನ್ನು. ವೈರು ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಲಿಥಿಯಂ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಗಾಡಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಪ್ಯಾನೆಲ್ ದಾರಿಗೆ ಒಂದು ಡಿಸಿ ಎಂಸಿಬಿ ಹಾಕಿ. ಮನೆಯ ಮಾಮೂಲಿ ಎಂಸಿಬಿ (ಎಸಿ ಕರೆಂಟಿನದು) ಅಲ್ಲಿ ನಡೆಯುವುದಿಲ್ಲ, ಡಿಸಿಯ ಕಿಡಿಯನ್ನು ಅದು ಆರಿಸಲಾರದು. ವೈರು ತಗಡನ್ನು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್ ಇರಲಿ.

ಇನ್ವರ್ಟರ್ ಮತ್ತು ಎಂಜಿನ್ ಚಾರ್ಜಿಂಗ್

ಇನ್ವರ್ಟರ್ 600 ವ್ಯಾಟಿನ ಪ್ಯೂರ್ ಸೈನ್ (ಮನೆಯ ಕರೆಂಟಿನ ಹಾಗೆಯೇ ಕೊಡುವಂಥದ್ದು) ಸಾಕು. ಲ್ಯಾಪ್‌ಟಾಪ್ ಮುಗಿದ ಕೂಡಲೇ ಆಫ್ ಮಾಡಿ. ಚಟ್ನಿಗೆ ಮಿಕ್ಸಿ ಬೇಕೇಬೇಕು ಅಂದರೆ 1000 ವ್ಯಾಟ್ ಆಗುತ್ತದೆ. ವೈರು, ಫ್ಯೂಸು ಎಲ್ಲಾ ದಪ್ಪ ಆಗುತ್ತದೆ. ಬಿಎಂಎಸ್ ಕೂಡ 100 ಆಂಪಿಯರ್ ಕೊಡುವಂಥದ್ದು ಬೇಕು.

ಮಳೆಗಾಲಕ್ಕೆ ನಿಜವಾದ ಆಸರೆ ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್‌ನಿಂದ 20 ಆಂಪಿಯರ್ ತಗೊಂಡು ಒಳಗಿನ ಬ್ಯಾಟರಿಗೆ ಕೊಡುತ್ತದೆ. ತುಮಕೂರಿನಿಂದ ಮಧುಗಿರಿಗೆ ಒಂದು ಗಂಟೆ ಓಡಿಸಿದರೆ ಸುಮಾರು 250 ವ್ಯಾಟ್ ಅವರ್ ಸೇರುತ್ತದೆ, ಅಂದರೆ ಫ್ರಿಡ್ಜ್‌ಗೆ ಸುಮಾರು ಹತ್ತು ಗಂಟೆ. ಎಂಜಿನ್ನಿನ ಬ್ಯಾಟರಿ, ಒಳಗಿನ ಬ್ಯಾಟರಿ ಎರಡನ್ನೂ ನೇರ ವೈರಿನಲ್ಲಿ ಸೇರಿಸಬೇಡಿ. ಲಿಥಿಯಂ ಬ್ಯಾಟರಿ ಒಂದೇ ಸಲ ಎಳೆದು ಆಲ್ಟರ್ನೇಟರ್ ಸುಟ್ಟುಹಾಕಬಲ್ಲದು.

ಜೋಡಿಸುವ ದಿನ

ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿ. ಬಿಸಿಲು ಬಿದ್ದರೆ ಅದು ಆಗಲೇ ಕರೆಂಟ್ ಕೊಡುತ್ತಿರುತ್ತದೆ. ಉಂಗುರ, ಬಳೆ ತೆಗೆದಿಡಿ. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಕೊಡಿ. ಅದು 12 ವೋಲ್ಟ್ ಎಂದು ಗುರುತಿಸಿದ ಮೇಲೆ ಸೆಟ್ಟಿಂಗ್ ನೋಡಿ: ಬ್ಯಾಟರಿ ವಿಧ ಎಲ್‌ಎಫ್‌ಪಿ, ಚಾರ್ಜ್ 14.2, ಫ್ಲೋಟ್ 13.5, ಈಕ್ವಲೈಸ್ ಆಫ್. ಬ್ಯಾಟರಿ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಾಕಿ. ಮೀಟರಿನಲ್ಲಿ ಪ್ಯಾನೆಲ್ಲಿನ ಪ್ಲಸ್ ಮೈನಸ್ ಖಚಿತ ಮಾಡಿಕೊಂಡು ಆಮೇಲೆ ಪ್ಯಾನೆಲ್ ಕೊಡಿ, ಕೊನೆಗೆ ಕಂಬಳಿ ತೆಗೆಯಿರಿ. ಬಿಚ್ಚುವಾಗ ಉಲ್ಟಾ: ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ.

ಒಂದು ಗಂಟೆ ಓಡಿಸಿ ಪ್ರತಿ ಜೋಡಣೆಯನ್ನೂ ಹತ್ತಿರದಿಂದ ನೋಡಿ. ಯಾವುದಾದರೂ ಬಿಸಿ ಹೊಡೆಯುತ್ತಿದ್ದರೆ ಅಲ್ಲಿ ತಪ್ಪಿದೆ. ಫ್ರಿಡ್ಜ್ ಶುರುವಾಗುವ ಹೊತ್ತಿಗೆ ಅದರ ಪ್ಲಗ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗೂ ಅಲ್ಲಿಗೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರು ಬದಲಾಯಿಸಿ. ಈ ಒಂದು ಪರೀಕ್ಷೆ ನಾನು ಮೊದಲೇ ಮಾಡಿದ್ದರೆ ಮಾರ್ಕೋನಹಳ್ಳಿಯ ಆ ಬೆಳಗು ಬರುತ್ತಿರಲಿಲ್ಲ.

ಮೊದಲ ಎರಡು ರಾತ್ರಿ ಮನೆ ಮುಂದೆಯೇ ಗಾಡಿಯಲ್ಲಿ ಮಲಗಿ. ಬೆಳಗ್ಗೆ 6ಕ್ಕೆ ಬ್ಯಾಟರಿ ಎಷ್ಟಿದೆ, ಫ್ರಿಡ್ಜ್ ಎಷ್ಟು ಡಿಗ್ರಿ ಇದೆ, ಎರಡನ್ನೂ ಬರೆದಿಡಿ.

ಊರೂರಲ್ಲಿ

ನಿಲ್ಲಿಸುವ ಜಾಗದಲ್ಲಿ ಬೆಳಗ್ಗೆ 10ರಿಂದ 3ರವರೆಗೆ ಪ್ಯಾನೆಲ್ ಮೇಲೆ ನೆರಳು ಬೀಳಬಾರದು. ದೇವರಾಯನದುರ್ಗದಲ್ಲಿ ಮರದ ಕೆಳಗೆ ನಿಲ್ಲಿಸುವ ಆಸೆ ಆಗುತ್ತದೆ. ಪ್ಯಾನೆಲ್ಲಿನ ಸೆಲ್‌ಗಳು ಸರದ ಮಣಿಗಳ ಹಾಗೆ ಒಂದರ ಹಿಂದೆ ಒಂದು ಇರುತ್ತವೆ, ಒಂದು ಕೊಂಬೆಯ ನೆರಳು ದೊಡ್ಡ ಭಾಗವನ್ನೇ ಮಲಗಿಸುತ್ತದೆ. ಗಾಡಿ ಬಿಸಿಲಲ್ಲಿ ಇರಲಿ, ನೀವು ಚಾಪೆ ಹಾಕಿಕೊಂಡು ಮರದ ಕೆಳಗೆ ಕೂರಿ.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದಾಗ ಈ ಸೋಲಾರ್‌ನ ಬೆಲೆ ನನಗೆ ಬೇರೆ ರೀತಿ ತಿಳಿಯಿತು. ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆ ಮಕ್ಕಳ ಹಾಗೆ ಕಾಯುತ್ತಾರೆ. ಅಂಥ ಕಡೆ ಜನರೇಟರ್ ಹಾಕಲು ಮನಸ್ಸಾದರೂ ಹೇಗೆ ಬರುತ್ತದೆ? ನಮ್ಮ ಫ್ರಿಡ್ಜ್ ಓಡುತ್ತಿತ್ತು, ಫೋನು ಚಾರ್ಜ್ ಆಗುತ್ತಿತ್ತು, ಕೇಳಿಸುತ್ತಿದ್ದುದು ಹಕ್ಕಿಗಳ ಸದ್ದು ಮಾತ್ರ. ಆದರೆ ಮರಗಳಿಂದ ದೂರ ನಿಲ್ಲಿಸಿ. ಹಿಕ್ಕೆ ಬಿದ್ದ ಜಾಗದ ಸೆಲ್ ಕರೆಂಟ್ ಕೊಡುವ ಬದಲು ಬಿಸಿಯಾಗುತ್ತದೆ, ಹಾಗೇ ಬಿಟ್ಟರೆ ಪ್ಯಾನೆಲ್‌ಗೆ ಕಲೆ ಬೀಳುತ್ತದೆ.

ಪ್ಯಾನೆಲ್ ತೊಳೆಯುವುದು ಬೆಳಗ್ಗೆ ತಂಪಿನಲ್ಲಿ. ಕಾದ ಗಾಜಿನ ಮೇಲೆ ತಣ್ಣೀರು ಹಾಕಬೇಡಿ. ಪಾವಗಡ, ಶಿರಾ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ತೊಳೆದ ಕೂಡಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಫ್ರೇಮಿನ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ.

ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿ, ಇನ್ವರ್ಟರ್ ಮತ್ತು ಫ್ರಿಡ್ಜ್ ಆಫ್ ಮಾಡಿ, ಪ್ಯಾನೆಲ್ ಎಂಸಿಬಿ ಇಳಿಸಿ, ಬ್ಯಾಟರಿಯ ಮೈನ್ ಸ್ವಿಚ್ ತೆಗೆಯಿರಿ. ಫ್ರಿಡ್ಜ್‌ನ ಬಾಗಿಲು ಸ್ವಲ್ಪ ತೆರೆದೇ ಇರಲಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹೊರಡುವ ಹಿಂದಿನ ದಿನ ಬೆಳಗ್ಗೆಯೇ ಎಲ್ಲಾ ಆನ್ ಮಾಡಿ, ಬರೀ ನೀರಿನ ಬಾಟಲಿ ಇಟ್ಟು ಫ್ರಿಡ್ಜ್ ತಂಪಾಗಲು ಬಿಡಿ. ಥರ್ಮಾಮೀಟರ್ 5 ಡಿಗ್ರಿ ತೋರಿಸಿ, ಒಂದು ರಾತ್ರಿ ಅಲ್ಲೇ ನಿಂತ ಮೇಲೆ ಔಷಧಿ ಒಳಗಿಡಿ.